ಜರ್ಬಿಲ್ ಮರಿ: ಗಂಡೋ ಹೆಣ್ಣೋ, ಯಾರ ಜೊತೆ ಯಾರು

ಇಲಿಯಂಥ ಪುಟ್ಟ ಪ್ರಾಣಿಯಾದ ಜರ್ಬಿಲ್ ಸಾಕುವವರ ಮನೆಯ ತಾಪತ್ರಯಗಳಲ್ಲಿ ಅರ್ಧಕ್ಕರ್ಧ ಒಂದೇ ತಪ್ಪಿನಿಂದ ಹುಟ್ಟುತ್ತವೆ: ಮರಿ ಗಂಡೋ ಹೆಣ್ಣೋ ಎಂದು ಸರಿಯಾಗಿ ಗುರುತಿಸದಿರುವುದು. ‘ಎರಡೂ ಹೆಣ್ಣೇ’ ಎಂದು ನಂಬಿ ತಂದ ಜೋಡಿಯಲ್ಲಿ ಒಂದು ಗಂಡಾಗಿದ್ದರೆ ಕೆಲವೇ ತಿಂಗಳಲ್ಲಿ ಮೊದಲ ಸೂಲು. ಗಬ್ಬದ ಅವಧಿ ಸುಮಾರು 25 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಪಕ್ಕದಲ್ಲೇ ಇದ್ದರೆ ಮುಂದಿನ ಸೂಲಿನ ಲೆಕ್ಕ ಅವತ್ತೇ ಆರಂಭ. ಹಾಲು ಕುಡಿಯುವ ಮರಿಗಳಿದ್ದಾಗ ಹೊಸ ಭ್ರೂಣಗಳು ಗರ್ಭಕೋಶಕ್ಕೆ ಅಂಟಿಕೊಳ್ಳುವುದು ತಡವಾಗಿ ಎರಡನೆಯ ಗಬ್ಬ ಒಂದಷ್ಟು ಹೆಚ್ಚು ದಿನ ಎಳೆಯಬಹುದು. ಅದರಿಂದ ಸಾಕುವವರಿಗೆ ಸಿಗುವ ಬಿಡುವು ಅಷ್ಟಕ್ಕಷ್ಟೆ.

ಇಲ್ಲಿ ಹೇಳುತ್ತಿರುವುದು ಮಂಗೋಲಿಯಾದ ಜರ್ಬಿಲ್ ಕುರಿತು. ವೈಜ್ಞಾನಿಕ ಹೆಸರು ಮೆರಿಯೋನೀಸ್ ಅಂಗ್ವಿಕ್ಯುಲೇಟಸ್. ಫ್ರೆಂಚ್ ಪಾದ್ರಿ ಅರ್ಮಾಂ ದಾವೀದ್ ಉತ್ತರ ಚೀನಾದಿಂದ ಪ್ಯಾರಿಸ್ಸಿಗೆ ಕಳಿಸಿದ ಮಾದರಿಗಳನ್ನು ನೋಡಿ ಪ್ರಾಣಿಶಾಸ್ತ್ರಜ್ಞ ಮಿಲ್ನ್-ಎಡ್ವರ್ಡ್ಸ್ 1867ರಲ್ಲಿ ಇದನ್ನು ವರ್ಣಿಸಿದರು. 1935ರಲ್ಲಿ ಅಮೂರ್ ನದಿಯ ಬಯಲಿನಲ್ಲಿ ಹಿಡಿದ 20 ಜೋಡಿಗಳು ಜಪಾನಿನ ಪ್ರಯೋಗಾಲಯ ಸೇರಿದವು. ಅವುಗಳ ಸಂತತಿಯಲ್ಲಿ 11 ಜೋಡಿ 1954ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿದ್ದ ವಿಕ್ಟರ್ ಶ್ವೆಂಟ್ಕರ್ ಅವರ ಫಾರ್ಮಿಗೆ ಬಂದವು. ಪ್ರಯೋಗಕ್ಕೆಂದು ತಂದ ಪ್ರಾಣಿ ಅಲ್ಲಿಂದ ಮನೆಮನೆಗೆ ಹರಡಿತು. ನಮ್ಮ ಹೊಲದ ಬದುಗಳಲ್ಲಿ ಬಿಲ ತೋಡುವ ಭಾರತೀಯ ಜರ್ಬಿಲ್ ಇದರ ದೂರದ ನೆಂಟ. ಥಾರ್ ಮರುಭೂಮಿಯ ಜರ್ಬಿಲ್ ಇನ್ನೂ ಹತ್ತಿರದ್ದು. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳು ಮಂಗೋಲಿಯಾದ ಜರ್ಬಿಲ್‌ಗಾಗಿ ಹಠ ಹಿಡಿದರೆ ಅಪ್ಪ ಅಮ್ಮ ಮೊದಲು ವಿಳಾಸ ನೋಡಿಕೊಳ್ಳಬೇಕು. ತಪ್ಪಿಸಿಕೊಂಡು ಕಾಡುಬಿದ್ದರೆ ಬೆಳೆಗೆ ಕಂಟಕ ಎಂಬ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಸಾಕುವುದು ನಿಷಿದ್ಧ.

ಮರಿ ಹುಟ್ಟುವಾಗ ಮೂರು ಗ್ರಾಮಿನಷ್ಟೂ ತೂಗುವುದಿಲ್ಲ. ಮೈಮೇಲೆ ಕೂದಲಿಲ್ಲ, ಕಣ್ಣು ಕಿವಿ ಮುಚ್ಚಿರುತ್ತವೆ. ವಿಚಿತ್ರವೆಂದರೆ ಗಂಡು ಹೆಣ್ಣು ಗುರುತಿಸಲು ಅತ್ಯಂತ ಸುಲಭವಾದ ಕಾಲಗಳಲ್ಲಿ ಇದೂ ಒಂದು. ಮೊದಲ ವಾರ ಕಳೆಯುವ ಹೊತ್ತಿಗೆ ಹೆಣ್ಣುಮರಿಯ ಹೊಟ್ಟೆಯ ಮೇಲೆ ಮೊಲೆತೊಟ್ಟುಗಳ ಸಾಲು ಪುಟ್ಟ ಚುಕ್ಕೆಗಳಾಗಿ ಕಾಣುತ್ತದೆ, ನಾಲ್ಕು ಜೊತೆ. ಗಂಡಿನಲ್ಲಿ ಅವು ಇರುವುದಿಲ್ಲ. ಕೆಲವು ದಿನ ಕಳೆದರೆ ಕೂದಲು ದಟ್ಟವಾಗಿ ಬೆಳೆದು ಆ ಚುಕ್ಕೆಗಳನ್ನು ಮುಚ್ಚಿಬಿಡುತ್ತದೆ. ಗಂಡಿನ ವೃಷಣಗಳು ಕೆಳಗಿಳಿದು ಬಾಲದ ಬುಡದಲ್ಲಿ ಉಬ್ಬು ಕಾಣಿಸಿಕೊಳ್ಳಲು ಐದಾರು ವಾರ ಬೇಕು. ಮಧ್ಯದ ಈ ಮೂರ್ನಾಲ್ಕು ವಾರಗಳೇ ತೊಡಕಿನವು. ಅಂಗಡಿಯಲ್ಲಿ ಮರಿಗಳು ಮಾರಾಟವಾಗುವುದೂ ಹೆಚ್ಚುಕಡಿಮೆ ಈ ವಯಸ್ಸಿನಲ್ಲೇ.

ಆಗ ಉಳಿಯುವ ದಾರಿ ಒಂದೇ, ಗುದದ್ವಾರಕ್ಕೂ ಮೂತ್ರದ್ವಾರಕ್ಕೂ ನಡುವಿನ ಅಂತರ ನೋಡುವುದು. ಗಂಡಿನಲ್ಲಿ ಅದು ಹೆಣ್ಣಿನ ಸುಮಾರು ಎರಡರಷ್ಟು. ಹೆಣ್ಣಿನಲ್ಲಿ ಎರಡೂ ದ್ವಾರಗಳು ಒತ್ತೊತ್ತಾಗಿರುತ್ತವೆ. ಒಂಟಿ ಮರಿಯನ್ನು ಹಿಡಿದುಕೊಂಡು ‘ಇದು ದೂರವೋ ಹತ್ತಿರವೋ’ ಎಂದು ಯೋಚಿಸುತ್ತಾ ಕೂತರೆ ಬಗೆಹರಿಯುವುದಿಲ್ಲ. ಒಂದೇ ಸೂಲಿನ ಮರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸಿದರೆ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ಬೇರೆ ಬೇರೆ ವಯಸ್ಸಿನ ಮರಿಗಳನ್ನು ಹೋಲಿಸಿದರೆ ದೊಡ್ಡ ಹೆಣ್ಣೇ ಗಂಡಾಗಿ ಕಂಡೀತು.

ಈ ಅಂತರ ಬಂದದ್ದಾದರೂ ಎಲ್ಲಿಂದ? ತಾಯಿಯ ಹೊಟ್ಟೆಯಲ್ಲಿರುವಾಗಲೇ ಗಂಡುಭ್ರೂಣದ ವೃಷಣಗಳು ಟೆಸ್ಟೊಸ್ಟೆರಾನ್ ಸುರಿಸಲು ತೊಡಗುತ್ತವೆ. ಆ ಹಾರ್ಮೋನಿನ ಪ್ರಭಾವದಲ್ಲಿ ಎರಡು ದ್ವಾರಗಳ ನಡುವಿನ ಜಾಗ ಉದ್ದಕ್ಕೆ ಬೆಳೆಯುತ್ತದೆ. ಹುಟ್ಟುವ ಮುನ್ನ ಆ ದೇಹಕ್ಕೆ ಎಷ್ಟು ಗಂಡು ಹಾರ್ಮೋನು ತಾಗಿತು ಎಂಬುದರ ದಾಖಲೆ ಅದು.

ಕಥೆ ಸ್ವಾರಸ್ಯಕರವಾಗುವುದು ಇಲ್ಲಿಂದ. ಜರ್ಬಿಲ್ಲಿನ ಗರ್ಭಕೋಶಕ್ಕೆ ಎರಡು ಕವಲು. ಪ್ರತಿ ಕವಲಿನಲ್ಲೂ ಭ್ರೂಣಗಳು ಅವರೆಕಾಯಿಯೊಳಗಿನ ಕಾಳುಗಳಂತೆ ಸಾಲಾಗಿ ಕೂತಿರುತ್ತವೆ. ಹಾಗಾಗಿ ಒಂದು ಹೆಣ್ಣುಭ್ರೂಣದ ಆಚೀಚೆ ಇಬ್ಬರೂ ಅಣ್ಣತಮ್ಮಂದಿರೇ ಇರಬಹುದು, ಇಬ್ಬರೂ ಅಕ್ಕತಂಗಿಯರೇ ಇರಬಹುದು. ಅಕ್ಕಪಕ್ಕದ ಗಂಡುಗಳ ಟೆಸ್ಟೊಸ್ಟೆರಾನ್ ಸ್ವಲ್ಪ ಮಟ್ಟಿಗೆ ಇವಳಿಗೂ ದಾಟುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮರ್ಟಿಸ್ ಕ್ಲಾರ್ಕ್ ಮತ್ತು ಬೆನೆಟ್ ಗೇಲೆಫ್ ಜರ್ಬಿಲ್‌ಗಳಲ್ಲಿ ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ಎರಡು ಗಂಡುಗಳ ನಡುವೆ ಬೆಳೆದ ಹೆಣ್ಣಿನಲ್ಲಿ ಆ ಅಂತರ ಉಳಿದ ಹೆಣ್ಣುಗಳಿಗಿಂತ ತುಸು ಹೆಚ್ಚು. ಅವಳು ಪ್ರಾಯಕ್ಕೆ ಬರುವುದು ತಡ. ಅವಳ ಸೂಲುಗಳಲ್ಲಿ ಗಂಡುಮರಿಗಳದೇ ಹೆಚ್ಚುಗಾರಿಕೆ. ಗಂಡು ಹೆಚ್ಚಿದ್ದ ಮೇಲೆ ಅವಳ ಹೆಣ್ಣುಮರಿಗಳೂ ಇಬ್ಬರು ಗಂಡುಗಳ ನಡುವೆ ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ! ಯಾವ ಜೀನೂ ಬದಲಾಗದೆ ಒಂದು ಲಕ್ಷಣ ತಾಯಿಯಿಂದ ಮಗಳಿಗೆ ಸಾಗುವ ಈ ಬಗೆಯನ್ನು ಅವರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನೆಯಲ್ಲಿ ಮರಿಯನ್ನು ತಿರುಗಿಸಿ ನೋಡುವವರಿಗೂ ಇದರಲ್ಲಿ ಸುಳಿವಿದೆ. ಹೆಣ್ಣುಗಳೆಲ್ಲ ಒಂದೇ ಅಚ್ಚಿನವಲ್ಲ, ಒಂದೇ ಸೂಲಿನ ಅಕ್ಕತಂಗಿಯರೂ ಒಟ್ಟೊಟ್ಟಿಗೆ ಪ್ರಾಯಕ್ಕೆ ಬರುವುದಿಲ್ಲ. ಮರಿ ಅನುಮಾನ ಹುಟ್ಟಿಸಿದರೆ ವಾರ ಬಿಟ್ಟು ಮತ್ತೆ ನೋಡುವುದೇ ಲೇಸು.

ನೋಡುವ ಕ್ರಮದ ಬಗ್ಗೆ ಎರಡು ಮಾತು. ಬಾಲ ಹಿಡಿದು ಎತ್ತಲೇಬಾರದು. ತುದಿಯ ಚರ್ಮ ಕಳಚಿ ಕೈಗೆ ಬರುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಮರಿಯನ್ನು ಬೊಗಸೆಯಲ್ಲಿ ಎತ್ತಿ, ಪಾರದರ್ಶಕ ಡಬ್ಬಿಯೊಳಗೆ ಬಿಟ್ಟು ಕೆಳಗಿನಿಂದ ನೋಡುವುದು ಎಲ್ಲಕ್ಕಿಂತ ಸಲೀಸು. ಎರಡು ತಿಂಗಳು ದಾಟಿದ ಕೆಲವು ಜರ್ಬಿಲ್‌ಗಳಿಗೆ ಹೊಸ ಜಾಗದಲ್ಲಿ, ಗಾಬರಿಯಲ್ಲಿ ಮೂರ್ಛೆರೋಗದಂಥ ಸೆಳೆತ ಬರುವುದುಂಟು. ಅಂಥದ್ದು ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ಬಿಟ್ಟು ಸುಮ್ಮನಿರಬೇಕು.

ಇನ್ನು ಯಾರನ್ನು ಯಾರ ಜೊತೆ ಇಡುವುದು. ಜರ್ಬಿಲ್ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ. ಹುಲ್ಲುಗಾವಲಿನಲ್ಲಿ ತಂದೆ ತಾಯಿ ಮಕ್ಕಳು ಒಂದೇ ಬಿಲದಲ್ಲಿರುತ್ತಾರೆ. ಒಳಗಿನವರು, ಹೊರಗಿನವರು ಎಂಬ ತೀರ್ಮಾನ ವಾಸನೆಯ ಮೇಲೆ. ಹೊಟ್ಟೆಯ ನಡುವೆ ಕೂದಲಿಲ್ಲದ ಒಂದು ಪಟ್ಟಿ ಇದೆ; ಅದು ಗ್ರಂಥಿ, ಗಂಡಿನಲ್ಲಿ ದೊಡ್ಡದು. ಅದನ್ನು ನೆಲಕ್ಕೆ, ಕಲ್ಲಿಗೆ ಉಜ್ಜಿ ಗುರುತು ಬಿಡುತ್ತವೆ. ಆದ್ದರಿಂದ ಒಂದೇ ಸೂಲಿನ ಒಂದೇ ಲಿಂಗದ ಎರಡು ಮರಿಗಳನ್ನು ಚಿಕ್ಕಂದಿನಿಂದಲೇ ಒಟ್ಟಿಗಿಡುವುದು ಎಲ್ಲಕ್ಕಿಂತ ನೆಮ್ಮದಿಯ ವ್ಯವಸ್ಥೆ. ಅಣ್ಣತಮ್ಮಂದಿರು ಜಗಳವಾಡುತ್ತಾರೆ, ಅಕ್ಕತಂಗಿಯರು ಹೊಂದಿಕೊಳ್ಳುತ್ತಾರೆ ಎಂದು ಯಾರಾದರೂ ಎಣಿಸಿದರೆ ಲೆಕ್ಕ ತಲೆಕೆಳಗಾದೀತು. ಹೆಣ್ಣುಗಳ ದೊಡ್ಡ ಗುಂಪಿನಲ್ಲೇ ಬಿರುಕು ಬೇಗ. ಮೂರು ನಾಲ್ಕು ಹೆಣ್ಣುಗಳನ್ನು ಒಂದೇ ತೊಟ್ಟಿಯಲ್ಲಿಡುವುದು ನನ್ನ ಅಭಿಪ್ರಾಯದಲ್ಲಿ ಬೇಡದ ಸಾಹಸ.

ಮರಿಗಳು ನಾಲ್ಕನೆಯ ವಾರದ ಹೊತ್ತಿಗೆ ಹಾಲು ಬಿಡುತ್ತವೆ. ಪ್ರಾಯ ಬರುವುದು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರಕ್ಕೆ, ಕೆಲವು ಹೆಣ್ಣುಗಳಿಗೆ ಅದಕ್ಕೂ ಮುಂಚೆ. ಆದ್ದರಿಂದ ಎಂಟು ವಾರ ತುಂಬುವುದರೊಳಗೆ ಗಂಡು ಹೆಣ್ಣು ಬೇರೆಯಾಗಿರಬೇಕು. ತಾಯಿ ಇರುವ ಬಿಲದಲ್ಲಿ ಮಗಳು ಗಬ್ಬವಾಗುವುದು ಅಪರೂಪ ಎಂಬ ಮಾತಿದೆ. ಅದು ನಿಜವಾದರೂ ತೊಟ್ಟಿಯಲ್ಲಿ ನಂಬಿ ಕೂರುವಂಥದ್ದಲ್ಲ.

ಪರಿಚಯವಿಲ್ಲದ ಎರಡು ಬೆಳೆದ ಜರ್ಬಿಲ್‌ಗಳನ್ನು ನೇರವಾಗಿ ಒಂದೆಡೆ ಬಿಟ್ಟರೆ ಒಂದು ಸಾಯುವವರೆಗೂ ಕಾದಾಡಬಹುದು. ಅದಕ್ಕಾಗಿ ತೊಟ್ಟಿಯ ನಡುವೆ ಸಣ್ಣ ಕಣ್ಣಿನ ತಂತಿಜಾಲರಿ ಹಾಕಿ, ಎರಡನ್ನೂ ಆಚೀಚೆ ಬಿಟ್ಟು, ದಿನಕ್ಕೆ ಹಲವು ಸಲ ಜಾಗ ಅದಲುಬದಲು ಮಾಡುತ್ತಾರೆ. ಇವಳ ಗೂಡಿನಲ್ಲಿ ಅವಳು, ಅವಳ ಗೂಡಿನಲ್ಲಿ ಇವಳು. ವಾರದ ಆಸುಪಾಸಿನಲ್ಲಿ ಇಬ್ಬರ ವಾಸನೆಯೂ ಬೆರೆತುಹೋಗುತ್ತದೆ. ಆಮೇಲೆ ಮನೆಯವರು ಎದುರಿಗಿರುವ ಒಂದು ರಜಾದಿನ ಜಾಲರಿ ತೆಗೆಯಬೇಕು. ಕೈಗೆ ದಪ್ಪ ಗ್ಲೌಸು ಇರಲಿ. ಮೂಸುವುದು, ಅಟ್ಟಿಸಿಕೊಂಡು ಹೋಗುವುದು, ನಿಂತು ಮುಂಗಾಲಿನಲ್ಲಿ ಗುದ್ದುವುದು ನಡೆಯುತ್ತಿರುತ್ತದೆ. ಒಂದನ್ನೊಂದು ಕಚ್ಚಿಕೊಂಡು ಚೆಂಡಾಗಿ ಉರುಳತೊಡಗಿದರೆ ಆ ಕ್ಷಣವೇ ಬಿಡಿಸಬೇಕು. ಒಮ್ಮೆ ರಕ್ತ ಬಂದ ಜೋಡಿ ಮತ್ತೆ ಹೊಂದುವುದು ತೀರಾ ಕಡಿಮೆ. ಆಮೇಲೆ ಎರಡು ತೊಟ್ಟಿಗಳ ಖರ್ಚೇ ಸರಿ.