ಮುಂಗಡಕ್ಕೂ ಮೊದಲು ಮಣ್ಣು

ತಡಸ ಕ್ರಾಸಿನಲ್ಲಿ ಬಸ್ಸಿಗೆ ನಿಂತವರಿಗೆ ದಾರಿಗಳಿಗೇನೂ ಬರವಿಲ್ಲ. ಹೆದ್ದಾರಿಯಲ್ಲಿ ಈ ಕಡೆ ಹುಬ್ಬಳ್ಳಿ, ಆ ಕಡೆ ಶಿಗ್ಗಾವಿ. ಅಡ್ಡದಾರಿ ಹಿಡಿದರೆ ಮುಂಡಗೋಡ, ಕಲಘಟಗಿ. ಮಲೆನಾಡು ಸೆರಗು ಬಿಟ್ಟು ಬಯಲುಸೀಮೆ ಶುರುವಾಗುವ ಈ ಅಂಚಿನಲ್ಲಿ ಯಾವ ಬಸ್ಸು ಹತ್ತಿದರೂ ಕೊನೆಗೆ ಯಾವುದೋ ಒಂದು ಕೈಕಸುಬಿನ ಮುಂದೆ ಇಳಿಯಬಹುದು. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು, ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಕಸೂತಿ, ಮುಂಡಗೋಡದ ಕ್ಯಾಂಪುಗಳಲ್ಲಿ ಟಿಬೆಟನ್ನರ ರತ್ನಗಂಬಳಿ ನೇಯ್ಗೆ, ಶಿಗ್ಗಾವಿ ದಾರಿಯ ಗೊಟಗೋಡಿಯಲ್ಲಿ ಸಿಮೆಂಟಿನ ಶಿಲ್ಪ. ಊರೂರಿನ ಚಿತ್ರಗಾರರ ಓಣಿಯಲ್ಲಿ ಮಣ್ಣಿನ ಗಣಪನಂತೂ ಇದ್ದೇ ಇದ್ದಾನೆ.

ಈ ಮಂದಿಗೆ ಕಲೆ ಕೈಯಲ್ಲಿದೆ. ತೊಂದರೆ ಇರುವುದು ಬೇರೆ ಕಡೆ. ಕೆತ್ತುವವನೇ ಬೆಲೆ ಹೇಳಬೇಕು, ಮುಂಗಡ ಇಸಿದುಕೊಳ್ಳಬೇಕು, ಟೆಂಪೊ ಹುಡುಕಬೇಕು, ಬಾಕಿ ವಸೂಲಿಗೂ ಅವನೇ ಹೋಗಬೇಕು. ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪಿನಲ್ಲಿ ಯಾವುದೋ ದೇಶದ ಫೋಟೊ ಬರುತ್ತದೆ, ಕೆಳಗೆ: "ಇದರಂಗ ಮಾಡಿಕೊಡ್ತೀರೇನ್ರಿ? ಎಷ್ಟ್ ಆಕ್ಕೈತಿ? ಐತವಾರಕ್ಕ ಬೇಕಿತ್ತು." ಉತ್ತರ ಕೊಡದಿದ್ದರೆ ಗಿರಾಕಿ ಹೋದ. ಕೊಟ್ಟರೆ ನಿದ್ದೆ ಹೋಯಿತು.

ಇದೇ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರ (1819–1889) ಕೋಡಗ-ಕೋಳಿಯ ಹಾಡು ಈ ಸೀಮೆಯಲ್ಲಿ ಯಾರಿಗೆ ಬಾರದು? ಅದರಲ್ಲಿ ಕುಣಿಯಲು ಬಂದವಳನ್ನು ಮದ್ದಳೆಯೇ ನುಂಗಿಬಿಡುತ್ತದೆ. ಅದರ ಅಧ್ಯಾತ್ಮವನ್ನು ಬಲ್ಲವರು ಬಿಡಿಸಿ ಹೇಳಲಿ. ಕಲೆಯನ್ನೇ ಅಂಗಡಿ ಮಾಡಿಕೊಂಡವರಿಗೆ ಮಾತ್ರ ಅದು ದಿನದ ವರ್ತಮಾನ.

ನುಂಗಿಸಿಕೊಳ್ಳದೆ ಉಳಿಯುವುದು ಹೇಗೆ ಎಂಬುದಕ್ಕೆ ಈಗ ಪುಸ್ತಕದಂಗಡಿಗಳಲ್ಲಿ ಕಪಾಟುಗಟ್ಟಲೆ ಉತ್ತರಗಳಿವೆ: ಐದಕ್ಕೆ ಏಳಿ, ಧ್ಯಾನ ಮಾಡಿ, ಡೈರಿ ಬರೆಯಿರಿ. ಬೇಡವೆನ್ನುವುದಿಲ್ಲ. ಆದರೆ ಆ ಉಪದೇಶ ಕಚೇರಿಯ ನೌಕರನಿಗೆ ಹೊಲಿದ ಅಂಗಿ. ಕೈಕಸುಬಿನವರಿಗೆ ಅವರ ಸಾಮಾನೇ ಒಂದು ದಿನಚರಿ ಹಾಕಿಕೊಟ್ಟಿದೆ, ಅದನ್ನು ಗಿರಾಕಿಯ ಅವಸರಕ್ಕೆ ಬಿಟ್ಟುಕೊಡದಿದ್ದರೆ ಅರ್ಧ ಗೆದ್ದಂತೆ ಎಂಬುದು ನನ್ನ ಅಂದಾಜು.

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿ. ಇದೇ ಸೀಮೆಯ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಲೋಕ ಅದು. ಬಯಲಾಟಕ್ಕೂ ಜೀವ ತೇಯ್ದ ಅವರು 2020ರಲ್ಲಿ ತೀರಿಕೊಂಡರು. ಶಿಲ್ಪಗಳು ಹೆದ್ದಾರಿಯ ಮಗ್ಗುಲಲ್ಲೇ ಟಿಕೆಟ್ಟು ಕೊಂಡು ಬರುವ ಮಂದಿಗಾಗಿ ನಿಂತಿವೆ. ಆಳೆತ್ತರದ ಕುಂಬಾರ, ಕಮ್ಮಾರ, ನೇಕಾರ, ಹೊಲದ ಹೆಣ್ಣುಮಕ್ಕಳು, ಹೂಡಿದ ಎತ್ತು: ಉತ್ತರ ಕರ್ನಾಟಕದ ಹಳ್ಳಿಯ ದುಡಿಮೆಯೆಲ್ಲ ಸಿಮೆಂಟಿನಲ್ಲಿ. ನೋಡುವವರು ಮುಖಭಾವಕ್ಕೆ ಮರುಳಾಗುತ್ತಾರೆ. ಕಸುಬಿನ ಕಣ್ಣಿದ್ದವರಿಗೆ ಅಲ್ಲಿ ಕಾಣುವುದು ನೀರು. ಕಬ್ಬಿಣದ ಸರಳಿಗೆ ಜಾಳಿಗೆ ಸುತ್ತಿ ಅದರ ಮೇಲೆ ಮೆತ್ತುವ ಗಾರೆ ಕಲಸಿದ ಅರ್ಧ-ಮುಕ್ಕಾಲು ತಾಸಿನಲ್ಲೇ ಬಿಗಿಯತೊಡಗುತ್ತದೆ. ಮೂಗು-ತುಟಿ ತಿದ್ದುವುದಿದ್ದರೆ ಅಷ್ಟರೊಳಗೆ ಆಗಬೇಕು. ಆ ಹೊತ್ತಿನಲ್ಲಿ ಫೋನು ಎತ್ತಿದವನ ಶಿಲ್ಪದ ಮುಖ ಮೊಂಡಾಗುತ್ತದೆ. ಮೆತ್ತಿದ ಮೇಲೆ ವಾರಗಟ್ಟಲೆ ಗೋಣಿತಾಟು ಹೊದಿಸಿ ಹೊತ್ತುಹೊತ್ತಿಗೆ ನೀರುಣಿಸಬೇಕು. ಸಿಮೆಂಟಿನ ಬಲವನ್ನು ಅಳೆಯುವುದೇ 28ನೇ ದಿನಕ್ಕೆ. ಶಿಗ್ಗಾವಿಯ ಬೇಸಿಗೆಯಲ್ಲಿ ಒಂದು ದಿನ ಮೈಮರೆತರೆ ಕೂದಲೆಳೆಯ ಬಿರುಕು. ಹೀಗೆ ಮುಂಜಾನೆ ಎದ್ದವನ ಮೊದಲ ಕೆಲಸ ಯಾವುದೆಂದು ಸಿಮೆಂಟೇ ಗೊತ್ತುಮಾಡಿರುತ್ತದೆ. ನೀರು ಹಾಕಿ ಮುಗಿಯುವವರೆಗೆ ಮೊಬೈಲು ಮಾಡದ ಮೂಲೆಯಲ್ಲಿ ಬಿದ್ದಿದ್ದರೆ ಜಗತ್ತೇನೂ ಮುಳುಗುವುದಿಲ್ಲ.

ಕಲಘಟಗಿಯ ತೊಟ್ಟಿಲಿನ ಸಂಕಟವೇ ಬೇರೆ, ಅದಕ್ಕೆ ತಾರೀಖು ಇದೆ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಗಳ ತುಂಬ ರಾಮಾಯಣದ್ದೋ ಬಾಲಕೃಷ್ಣನದ್ದೋ ಚಿತ್ರ. ಮುಸಲ್ಮಾನರ ಮನೆಗಾದರೆ ಹೂಬಳ್ಳಿ, ಹಕ್ಕಿ. ತಲೆಮಾರಿನಿಂದ ತಲೆಮಾರಿಗೆ ಹೋಗುವ ವಸ್ತು. ಆದರೆ ಅದನ್ನು ಬೇಡುವ ಮನೆಗೆ ತಲೆಮಾರಿನ ವ್ಯವಧಾನ ಎಲ್ಲಿದೆ? ಹನ್ನೆರಡಕ್ಕೋ ಹದಿಮೂರಕ್ಕೋ ಹೆಸರಿಡಬೇಕು, ತವರಿನವರು ತೊಟ್ಟಿಲು ತರಬೇಕು. ಕುಬುಸದ ಹೊತ್ತಿಗೇ ಹೇಳಿಟ್ಟವರು ಜಾಣರು. ಕೂಸು ಹುಟ್ಟುವ ಮೊದಲೇ ತೊಟ್ಟಿಲ ಮಾತು ಎತ್ತಬಾರದೆನ್ನುವ ಮನೆಗಳೂ ಇವೆ. ಅವರು ಹುಟ್ಟಿದ ಮರುದಿನ ಓಡಿ ಬರುತ್ತಾರೆ, ಕೈಯಲ್ಲಿ ಪೂರ್ತಿ ದುಡ್ಡು ಹಿಡಿದುಕೊಂಡೇ. ಇಲ್ಲಿಯೇ ಕಸುಬುದಾರನ ಪರೀಕ್ಷೆ. ಅರಗು ಕಾವಿಗೆ ಕರಗಿ ಕಟ್ಟಿಗೆಗೆ ಹತ್ತಬೇಕು, ಒಂದು ಬಣ್ಣ ಕೂತ ಮೇಲೆ ಇನ್ನೊಂದು. ಮುಂಗಡದ ನೋಟು ಎಷ್ಟೇ ದಪ್ಪಗಿರಲಿ, ಬಣ್ಣ ಕೂಡುವ ಹೊತ್ತು ಕಡಿಮೆಯಾಗುವುದಿಲ್ಲ. "ಆಗೂದಿಲ್ರೀ" ಎಂದು ಹೇಳಲು ಬರುವವನ ರಾತ್ರಿ ಅವನದ್ದಾಗಿರುತ್ತದೆ. ಹಾಗೆ ಹೇಳುವುದಕ್ಕೊಂದು ಆಧಾರ ಬೇಕು: ಗೋಡೆಗೆ ತೂಗುಹಾಕಿದ ಪಂಚಾಂಗದ ಮೇಲೆ ಒಪ್ಪಿಕೊಂಡ ಕೆಲಸದ ಗುರುತು. ಗಿರಾಕಿಗೂ ಅದು ಕಾಣುವಂತಿದ್ದರೆ ಚೌಕಾಸಿ ತಾನೇ ತಗ್ಗುತ್ತದೆ.

ಕಸೂತಿಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ಹೊಲಿಗೆಗಳು ನಾಲ್ಕು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹೊರಟಲ್ಲಿಗೇ ಮರಳಬೇಕು. ಅಂದರೆ ಗೋಪುರದ ಕಳಸ ಮುಟ್ಟುವ ಮೊದಲೇ ಇಳಿಯುವ ದಾರಿ ತಲೆಯಲ್ಲಿರಬೇಕು. ಒಂದು ಎಳೆ ತಪ್ಪಿದ್ದು ಹೋಗುವಾಗ ಕಾಣದು, ಮರಳುವಾಗ ಎರಡು ತುದಿ ಕೂಡುವುದಿಲ್ಲ, ಆಗ ಬಿಚ್ಚುವುದೇ ಗತಿ. ಹಳೆಯ ಕಾಲದ ಕಪ್ಪು ಚಂದ್ರಕಾಳಿ ಸೀರೆಯ ಮೇಲಂತೂ ಎಳೆ ಕಾಣಲು ಹಗಲ ಬೆಳಕೇ ಬೇಕು. ಕಸೂತಿಯವರ ಕೆಲಸದ ಹೊತ್ತು ಎಂದರೆ ಅಡುಗೆ ಮುಗಿದು ಬಿಸಿಲು ಪಡಸಾಲೆಗೆ ಬಂದಾಗಿನಿಂದ ಅದು ಹೊರಳುವವರೆಗೆ, ಅಷ್ಟೇ ಇತ್ತು. ಎಲ್ಇಡಿ ಬಲ್ಬು ಬಂದ ಮೇಲೆ ಆ ಗಡಿ ಅಳಿಸಿದೆ. ದುಡಿಮೆ ಹೆಚ್ಚಿತು ಎನ್ನುವವರು ಕುತ್ತಿಗೆ ನೋವು, ಕಣ್ಣು ಉರಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕೂಲಿಯ ಲೆಕ್ಕವೂ ಅಷ್ಟೇ. ಕಸೂತಿಗೆ ಜಿಐ ಟ್ಯಾಗ್ ಬಂದು ವರ್ಷಗಳಾದವು. ಸರ್ಕಾರದ ಕರಕುಶಲ ಅಭಿವೃದ್ಧಿ ನಿಗಮದ 'ಕಾವೇರಿ' ಮಳಿಗೆಗಳಲ್ಲಿ ಅದಕ್ಕೆ ಗೌರವದ ಜಾಗವಿದೆ. ಆದರೂ ಮನೆಯಲ್ಲಿ ಕೂತು ಹೊಲಿಯುವ ಬಹಳಷ್ಟು ಹೆಣ್ಣುಮಕ್ಕಳಿಗೆ ದುಡ್ಡು ಬರುವುದು ಮಧ್ಯವರ್ತಿಯ ಕೈಯಿಂದ, ಪೀಸಿನ ಲೆಕ್ಕದಲ್ಲಿ. ಒಂದು ಪೀಸಿಗೆ ಎಷ್ಟು ತಾಸು ಹಿಡಿಯಿತು ಎಂದು ಬರೆದಿಡುವ ರೂಢಿ ನಮ್ಮಲ್ಲಿ ಇಲ್ಲ. ಮಗಳ ಹಳೆಯ ನೋಟಬುಕ್ಕಿನ ಹಿಂದಿನ ಹಾಳೆಯಾದರೂ ಸಾಕು: ಕೂತ ಹೊತ್ತು, ಎದ್ದ ಹೊತ್ತು. ತಿಂಗಳು ಕಳೆದ ಮೇಲೆ ಕೂಡಿಸಿದರೆ, ತನ್ನ ಬೆರಳಿಗೆ ತಾಸಿಗೆ ಎಷ್ಟು ಬಿತ್ತು ಎಂಬುದು ತಿಳಿಯುತ್ತದೆ. ತಿಳಿದರೆ ಸಿಟ್ಟೂ ಬರುತ್ತದೆ. ಮುಂದಿನ ಸಲ ಬೆಲೆ ಹೇಳುವಾಗ ಆ ಸಿಟ್ಟು ಕೆಲಸಕ್ಕೆ ಬರುತ್ತದೆ.

ಇನ್ನು ಮಣ್ಣಿನವರದು. ಅವರಿಗೆ ದಿನಚರಿಗಿಂತ ವರ್ಷಚರಿಯೇ ದೊಡ್ಡದು. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಜೋಕುಮಾರ. ಮೂರು ತಿಂಗಳು ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೂ ಸರಿಯಾಗಿ ಮಳೆಗಾಲದಲ್ಲಿ. ಕೆರೆಮಣ್ಣಿಗೆ ಹತ್ತಿ ಬೆರೆಸಿ ನಾದಿ ಮಾಡಿದ ಮೂರ್ತಿಯನ್ನು ಬಿಸಿಲಿಗಿಟ್ಟರೆ ಮೇಲಿನ ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗಿನದು ಹಸಿಯಾಗಿಯೇ ಇರುತ್ತದೆ, ಸೊಂಡಿಲ ಬುಡದಲ್ಲಿ ಬಿರುಕು. ನೆರಳಲ್ಲೇ ಒಣಗಬೇಕು. ತಡಸದ ಕಡೆ ಮೋಡ ಹಿಡಿದು ಕೂತರೆ ಅದಕ್ಕೆ ಇನ್ನಷ್ಟು ದಿನ. ಪೂರ್ತಿ ಒಣಗದೆ ಬಣ್ಣ ಹಚ್ಚಿದರೆ ಹಬ್ಬದ ದಿನವೇ ಸಿಪ್ಪೆ ಏಳುತ್ತದೆ. ಪಿಒಪಿ ಗಣಪನಿಗೆ ಈ ಯಾವ ಕಾಟವೂ ಇಲ್ಲ. ನಿಷೇಧವಿದ್ದರೂ ಅವನು ಹೇಗೋ ಬಂದೇ ಬರುತ್ತಾನೆ. ಅವನ ವೇಗದೊಡನೆ ಪೈಪೋಟಿಗಿಳಿದ ಮಣ್ಣಿನವನು ಸೋತಂತೆಯೇ.

ಕೆಲಸದ ಹಾಗೆ ಬಿಡುವಿಗೂ ಗೊತ್ತಾದ ದಿನವಿದೆ. ನಮ್ಮ ರೈತರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆಗಳು ಈಗಲೂ ಇವೆ. ನವಮಿಯ ಖಂಡೆಪೂಜೆಗೆ ಉಳಿ, ಬಾಚಿ, ಕುಂಚ ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂಡುತ್ತವೆ. ಆ ದಿನ ದಣಿವಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಅದೇ ಅದರ ಸೊಗಸು. ಬೇಕೆನಿಸಿದಾಗ ರಜೆ ತೆಗೆದುಕೊಳ್ಳುತ್ತೇನೆ ಎಂಬ ಸ್ವಂತ ಉದ್ಯೋಗಿ ಎಂದಾದರೂ ರಜೆ ತೆಗೆದುಕೊಂಡದ್ದನ್ನು ನೋಡಿದ್ದೀರಾ?

ಇಷ್ಟೆಲ್ಲ ಹದದ ನಡುವೆ ಹೊಸದಾಗಿ ಸೇರಿಕೊಂಡಿರುವುದು ತಿಂಗಳ ಕಂತು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಕುಂಬಾರ, ಶಿಲ್ಪಿ, ಗೊಂಬೆ ಮಾಡುವವರು ಸೇರಿದ್ದಾರೆ. ದರ್ಜಿಯೂ ಇದ್ದಾನೆ, ಕಸೂತಿಯ ಹೆಸರಿಲ್ಲ. ಉಪಕರಣಕ್ಕೆ 15,000 ರೂಪಾಯಿ ನೆರವು, ಮೊದಲ ಹಂತದಲ್ಲಿ ಶೇ 5ರ ಬಡ್ಡಿಗೆ ಒಂದು ಲಕ್ಷದವರೆಗೆ ಸಾಲ. ಒಳ್ಳೆಯದೇ. ಆದರೆ ಆ ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕು, ಅಂದರೆ ತಿಂಗಳಿಗೆ 5,500 ರೂಪಾಯಿಗೂ ಮೇಲೆ. ಗಣಪನನ್ನು ಮಾರಿದವನ ಕೈಯಲ್ಲಿ ಭಾದ್ರಪದದಲ್ಲಿ ರೊಕ್ಕ ಆಡುತ್ತದೆ. ಪುಷ್ಯ-ಮಾಘದಲ್ಲಿ ಅವನ ಬಳಿ ಇರುವುದು ಮುಂದಿನ ವರ್ಷಕ್ಕೆ ತಂದು ಹಾಕಿದ ಮಣ್ಣಿನ ರಾಶಿ. ಕಂತು ಮಾತ್ರ ಎರಡೂ ತಿಂಗಳು ಒಂದೇ ತಾರೀಖಿಗೆ ಬರುತ್ತದೆ. ಬೆಳೆಸಾಲದ ಮರುಪಾವತಿಯನ್ನು ಸುಗ್ಗಿಗೆ ಹೊಂದಿಸುವುದು ಬ್ಯಾಂಕಿನವರಿಗೆ ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಿಂದ ಚೌತಿಯವರೆಗೆ ದೊಡ್ಡ ಕಂತು, ಉಳಿದ ತಿಂಗಳು ಬಡ್ಡಿಯಷ್ಟೇ ಎಂದು ಮಾಡಿದರೆ ಯಾರ ಗಂಟೂ ಹೋಗುವುದಿಲ್ಲ.