ತೋರಣಗಲ್ಲಿನ ವಿಮಾನ ನಿಲ್ದಾಣ ಟಿ.ವಿ. ಪರದೆಯೊಳಗೆ ಬರುವುದು ಹೇಗೆ?



ನಮ್ಮ ಸುತ್ತಮುತ್ತ ವಿಮಾನ ಇಳಿಯುವ ಊರು ಯಾವುದು ಹೇಳಿ ನೋಡೋಣ. ಹೊಸಪೇಟೆ ಅಲ್ಲ, ಹಂಪಿ ಅಲ್ಲ, ಕಂಪ್ಲಿಯಂತೂ ಅಲ್ಲವೇ ಅಲ್ಲ. ಅದು ಸಂಡೂರು ತಾಲ್ಲೂಕಿನ ತೋರಣಗಲ್ಲು. ಅಲ್ಲಿಯ ಉಕ್ಕಿನ ಕಾರ್ಖಾನೆಯ ಹತ್ತಿರ ಇರುವ ಜಿಂದಾಲ್ ವಿಜಯನಗರ ವಿಮಾನ ನಿಲ್ದಾಣಕ್ಕೆ ವಿದ್ಯಾನಗರ ಎಂಬ ಹೆಸರೂ ಉಂಟು. 2017ರಲ್ಲಿ ಉಡಾನ್ ಯೋಜನೆಯಡಿ ಅಲ್ಲಿಂದ ಬೆಂಗಳೂರಿಗೂ ಹೈದರಾಬಾದಿಗೂ ವಿಮಾನ ಹಾರಿತು.

ಇಂಥ ನಿಲ್ದಾಣದಿಂದ ಟಿಕೆಟ್ ಇಲ್ಲದೆ, ಮನೆಯಲ್ಲೇ ಕುಳಿತು ವಿಮಾನ ಹಾರಿಸಬಹುದು ಅಂದರೆ ನಂಬುತ್ತೀರಾ? ಅದಕ್ಕೊಂದು ಆಟ ಇದೆ. ಹೆಸರು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್. 1982ರಲ್ಲಿ ಇದರ ಮೊದಲನೆಯದು ಬಂದಾಗ ಪರದೆ ಮೇಲೆ ತೀರಾ ಸರಳವಾದ ಚಿತ್ರಗಳೇ ಕಾಣುತ್ತಿದ್ದವು. 2020ರಲ್ಲಿ ಬಂದದ್ದರಲ್ಲಿ ಇಡೀ ಭೂಮಿಯೇ ಇದೆ, ಸುಮಾರು 37,000 ವಿಮಾನ ನಿಲ್ದಾಣಗಳಿವೆ. 2021ರ ಜುಲೈನಲ್ಲಿ ಅದು ಟಿ.ವಿ.ಗೆ ಜೋಡಿಸುವ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗೂ ಬಂತು.

ಭೂಮಿಯನ್ನು ಹೇಗೆ ತುಂಬಿದರು?

ಮೂರು ಹಂತಗಳಲ್ಲಿ. ಮೊದಲು ಉಪಗ್ರಹ ಮತ್ತು ವಿಮಾನದಿಂದ ತೆಗೆದ ನೆಲದ ಚಿತ್ರವನ್ನು ಚಾಪೆಯ ಹಾಗೆ ಹಾಸುತ್ತಾರೆ. ಎರಡನೆಯದಾಗಿ ಬೆಟ್ಟ ಎಲ್ಲಿ ಎಷ್ಟು ಎತ್ತರ ಎಂಬ ಅಳತೆ ನೋಡಿ ಆ ಚಾಪೆಯನ್ನು ಮೇಲೆತ್ತುತ್ತಾರೆ. ಮೂರನೆಯದಾಗಿ ಕಂಪ್ಯೂಟರೇ ಚಿತ್ರದಲ್ಲಿ ಚಾವಣಿ ಎಲ್ಲಿದೆ, ಮರ ಎಲ್ಲಿದೆ ಎಂದು ಗುರುತಿಸಿ ಮನೆ, ಗಿಡ ನಿಲ್ಲಿಸುತ್ತದೆ. ಇಷ್ಟೊಂದು ಮನೆಗಳನ್ನು ಕೈಯಲ್ಲಿ ಕಟ್ಟುತ್ತಾ ಕೂತರೆ ಯುಗ ಕಳೆದರೂ ಮುಗಿಯಲಿಕ್ಕಿಲ್ಲ.

ಆದರೆ ಯಂತ್ರಕ್ಕೆ ಕಾಣುವುದು ಮೇಲಿನಿಂದ ಮಾತ್ರ. ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಒಂಬತ್ತು ಅಂತಸ್ತಿನದು. ಮೇಲಿನಿಂದ ನೋಡಿದರೆ ಅದೂ ಒಂದು ಚಿಕ್ಕ ಚೌಕ ಅಷ್ಟೇ! ಅದು ಗೋಪುರ ಅಂತ ಯಾರಾದರೂ ಹೇಳಿಕೊಡದಿದ್ದರೆ ಯಂತ್ರ ಅದನ್ನೂ ಮನೆ ಅಂತಲೇ ತಿಳಿಯಬಹುದು. ಎತ್ತರದ ಅಳತೆಯೂ ಹಾಗೆಯೇ. 30 ಮೀಟರಿಗೆ ಒಂದು ಅಳತೆ ಇಟ್ಟುಕೊಂಡರೆ ಸಂಡೂರಿನ ಬೆಟ್ಟದ ಸಾಲು ಚೆನ್ನಾಗಿ ಬರುತ್ತದೆ, ಹಂಪಿಯ ಗುಂಡುಗಳು ಮಾತ್ರ ನುಣ್ಣಗಾಗಿ ಮಣ್ಣಿನ ದಿಬ್ಬದಂತೆ ಆಗಿಬಿಡುತ್ತವೆ. ತುಂಗಭದ್ರಾ ಕೆರೆಯ ಚಿತ್ರವನ್ನು ಆಗಸ್ಟಿನಲ್ಲಿ ತೆಗೆದರೆ ತುಂಬಿದ ನೀರು, ಮೇ ತಿಂಗಳಲ್ಲಿ ತೆಗೆದರೆ ಬಿರಿದ ಮಣ್ಣು.

212 ಅಂತಸ್ತಿನ ಮನೆ!

2020ರಲ್ಲಿ ಈ ಆಟ ಬಂದಾಗ ಆಸ್ಟ್ರೇಲಿಯಾದ ಮೆಲ್ಬರ್ನ್ ಊರಿನ ಸಣ್ಣ ಮನೆಗಳ ನಡುವೆ ಸೂಜಿಯಂಥ ಒಂದು ಗೋಪುರ ಆಕಾಶಕ್ಕೆ ಎದ್ದು ನಿಂತಿತ್ತು. ಕಾರಣ ಏನು ಗೊತ್ತೇ? ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಯಾರು ಬೇಕಾದರೂ ತುಂಬಬಹುದಾದ ನಕ್ಷೆಯಲ್ಲಿ ಒಬ್ಬರು ಆ ಕಟ್ಟಡಕ್ಕೆ 2 ಅಂತಸ್ತು ಎಂದು ಬರೆಯುವ ಬದಲು 212 ಎಂದು ಬರೆದಿದ್ದರು. ಯಂತ್ರ ಪ್ರಶ್ನೆ ಕೇಳಲಿಲ್ಲ, ಕಟ್ಟಿಬಿಟ್ಟಿತು. ಲೆಕ್ಕದಲ್ಲಿ ಒಂದು ಅಂಕಿ ಹೆಚ್ಚಾದರೆ ಏನು ಮಹಾ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೈಯಲ್ಲಿ ಕಟ್ಟಿದ ನಿಲ್ದಾಣ

ಇದಕ್ಕೇ ಕೆಲವರು ತಮಗೆ ಬೇಕಾದ ನಿಲ್ದಾಣವನ್ನು ಬೇರೆಯಾಗಿ ತಯಾರಿಸಿ ಆಟಕ್ಕೆ ಸೇರಿಸುತ್ತಾರೆ. ಮೊದಲು ಓಡುದಾರಿಯ ಎರಡು ತುದಿಗಳ ಅಕ್ಷಾಂಶ, ರೇಖಾಂಶ ಬೇಕು. ಆಮೇಲೆ ಉದ್ದ, ಅಗಲ, ಇಳಿಜಾರು, ಬಿಳಿ ಮತ್ತು ಹಳದಿ ಗೆರೆಗಳು, ದೀಪಗಳು. ಆಮೇಲೆ ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್‌ನಂಥದರಲ್ಲಿ ಕಟ್ಟಡದ ಆಕಾರ ಮಾಡಿ, ಗೋಡೆಯ ಫೋಟೋವನ್ನು ಅದರ ಮೇಲೆ ಅಂಟಿಸುತ್ತಾರೆ, ನಾವು ಪುಸ್ತಕಕ್ಕೆ ರಟ್ಟು ಹಾಕಿದ ಹಾಗೆ.

ಓಡುದಾರಿಯ ತುದಿಯಲ್ಲಿ ಬರೆದ ಅಂಕಿಗೂ ಅರ್ಥ ಇದೆ. ದಿಕ್ಸೂಚಿಯ ಡಿಗ್ರಿಯನ್ನು 10ರಿಂದ ಭಾಗಿಸಿದರೆ ಅದು ಸಿಗುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಒಂದು ತುದಿಗೆ 09, ಇನ್ನೊಂದು ತುದಿಗೆ 27. ಅಂದರೆ 90 ಡಿಗ್ರಿ ಪೂರ್ವ, 270 ಡಿಗ್ರಿ ಪಶ್ಚಿಮ. ಪ್ರಪಂಚದ ಯಾವ ಓಡುದಾರಿ ತೆಗೆದುಕೊಂಡರೂ ಎರಡು ತುದಿಗಳ ವ್ಯತ್ಯಾಸ 18. ಯಾಕೆ ಅಂತ ಗಣಿತದ ಸರ್ ಹತ್ತಿರ ಕೇಳಿ.

ಟಿ.ವಿ. ಪೆಟ್ಟಿಗೆಗೆ ತಯಾರಿಸುವುದು ಇನ್ನೂ ಕಷ್ಟ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 16 ಜಿ.ಬಿ. ಮೆಮೊರಿ, ಸಣ್ಣದಾದ ಸೀರೀಸ್ ಎಸ್‌ನಲ್ಲಿ 10 ಮಾತ್ರ. ಆಮೇಲೆ ಹೆಚ್ಚಿಗೆ ಹಾಕಿಸಲು ಆಗುವುದಿಲ್ಲ. ಹಾಗಾಗಿ ಒಂದೇ ಕಟ್ಟಡವನ್ನು ಮೂರ್ನಾಲ್ಕು ಸಲ ಮಾಡುತ್ತಾರೆ: ದೂರದಿಂದ ನೋಡಲು ಬರೀ ಡಬ್ಬಿ, ಹತ್ತಿರ ಬಂದರೆ ಕಿಟಕಿ ಬಾಗಿಲು ಎಲ್ಲಾ. ದೂರದಿಂದ ಮತಂಗ ಬೆಟ್ಟ ಒಂದೇ ಮುದ್ದೆ, ಹತ್ತಿರ ಹೋದರೆ ಒಂದೊಂದು ಬಂಡೆಯೂ ಬೇರೆ ಅಲ್ಲವೇ? ಹಂಗೇ ಇದು.

ಇನ್ನೊಂದು ತೊಡಕಿದೆ. ಕಂಪ್ಯೂಟರಿನಲ್ಲಾದರೆ ಸ್ನೇಹಿತ ಮಾಡಿಕೊಟ್ಟ ನಿಲ್ದಾಣವನ್ನು ಒಂದು ಫೋಲ್ಡರಿಗೆ ಹಾಕಿದರೆ ಮುಗಿಯಿತು. ಎಕ್ಸ್‌ಬಾಕ್ಸ್‌ನಲ್ಲಿ ಆಟದೊಳಗಿನ ಅಂಗಡಿಯಲ್ಲಿ ಸಿಗುವುದನ್ನೇ ತೆಗೆದುಕೊಳ್ಳಬೇಕು. ಅಂಗಡಿಗೆ ಮಾಡುವವರು ಹೆಚ್ಚು ಜನ ಕೊಳ್ಳುವ ದೊಡ್ಡ ಊರುಗಳ ಕಡೆಗೇ ನೋಡುವುದು ಸಹಜ. ತೋರಣಗಲ್ಲಿನಂಥ ಸಣ್ಣ ನಿಲ್ದಾಣವನ್ನು ಯಾರು ಅಳೆಯಬೇಕು? ಆ ಊರನ್ನು ಬಲ್ಲವರೇ ಅಳೆಯಬೇಕು.

ಅಳೆದು ಇಟ್ಟದ್ದಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಅಮೆರಿಕದ ಶಿಕಾಗೋದಲ್ಲಿ ಒಂದು ಉದಾಹರಣೆ ಇದೆ. ಅಲ್ಲಿಯ ಮೀಗ್ಸ್ ಫೀಲ್ಡ್ ಎಂಬ ಸಣ್ಣ ನಿಲ್ದಾಣ ಈ ಆಟದ ಹಳೆಯ ಆವೃತ್ತಿಗಳಲ್ಲಿ ಎಲ್ಲರೂ ಮೊದಲು ಹಾರುವ ಜಾಗವಾಗಿತ್ತು. 2003ರ ಮಾರ್ಚ್‌ನಲ್ಲಿ ಆ ಊರಿನ ಮೇಯರ್ ರಾತ್ರೋರಾತ್ರಿ ಬುಲ್ಡೋಜರ್ ಕಳಿಸಿ ಅದರ ಓಡುದಾರಿಯನ್ನು ಅಗೆಸಿಬಿಟ್ಟರು. ನೆಲದ ಮೇಲೆ ಅದು ಈಗಿಲ್ಲ. ಹಳೆಯ ಆಟದೊಳಗೆ ಮಾತ್ರ ಇವತ್ತಿಗೂ ಇದೆ.

ನೀವೂ ಮಾಡಿ ನೋಡಿ

1. ನಮ್ಮ ಶಾಲೆಯ ಮೈದಾನವೇ ಓಡುದಾರಿ ಅಂದುಕೊಳ್ಳಿ. ಉದ್ದವನ್ನು ಟೇಪಿನಿಂದ ಅಳೆಯಿರಿ. ದಿಕ್ಸೂಚಿ ಇಟ್ಟು ಎರಡೂ ತುದಿಗೆ ಯಾವ ಅಂಕಿ ಬರುತ್ತದೆ ಕಂಡುಹಿಡಿಯಿರಿ.

2. ನೀರಿನ ಟ್ಯಾಂಕಿನ ಎತ್ತರ ಹತ್ತದೆಯೇ ತಿಳಿಯಬಹುದು. 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ. ಅದೇ ಹೊತ್ತಿಗೆ ಟ್ಯಾಂಕಿನ ನೆರಳನ್ನೂ ಅಳೆಯಿರಿ. ಕೋಲಿನ ನೆರಳು 2 ಮೀಟರ್, ಟ್ಯಾಂಕಿನದು 24 ಮೀಟರ್ ಇದ್ದರೆ ಟ್ಯಾಂಕಿನ ಎತ್ತರ 12 ಮೀಟರ್.

ಇಬ್ಬರು ಬೇರೆ ಬೇರೆಯಾಗಿ ಅಳೆದು ತಾಳೆ ನೋಡಿ, ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ. 12ರ ಬದಲು 212 ಬರೆಯಬೇಡಿರಪ್ಪಾ!