ಯೂರೋವನ್ನು ನೂರರಿಂದ ಗುಣಿಸುವವರ ಅರ್ಥಶಾಸ್ತ್ರ

ವ್ಯಾಸಂಗದ ನಡುವೆ ಅಥವಾ ಕೊನೆಯಲ್ಲಿ ಕೆಲವು ತಿಂಗಳು ಸಂಸ್ಥೆಯೊಂದರಲ್ಲಿ ದುಡಿದು ಕಲಿಯಲು ಜರ್ಮನಿಯ ಮ್ಯೂನಿಕ್‌ನಂಥ ನಗರಕ್ಕೆ ಹೊರಟ ಇಂಟರ್ನ್‌ನ ಸುತ್ತ ಹುಟ್ಟಿಕೊಳ್ಳುವ ತಪ್ಪು ಕಲ್ಪನೆಗಳಲ್ಲಿ ಅತ್ಯಂತ ಹಠಮಾರಿಯಾದುದು ಒಂದು ಗುಣಾಕಾರದ ರೂಪದಲ್ಲಿದೆ: ಸ್ಟೈಪೆಂಡ್ ತಿಂಗಳಿಗೆ 1,200 ಯೂರೋ, ಯೂರೋ ಒಂದಕ್ಕೆ ಸರಿಸುಮಾರು 100 ರೂಪಾಯಿ, ಆದ್ದರಿಂದ ಹುಡುಗನ ತಿಂಗಳ ಸಂಪಾದನೆ 1,20,000 ರೂಪಾಯಿ. ಬವೇರಿಯಾ ಮತ್ತು ಕರ್ನಾಟಕ 2007ರಿಂದ ಸೋದರ ರಾಜ್ಯಗಳೆನಿಸಿಕೊಂಡಿದ್ದು, ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮ್ಯೂನಿಕ್ ಅಪರಿಚಿತ ಊರಾಗಿ ಉಳಿದಿಲ್ಲವಾದರೂ ಈ ಲೆಕ್ಕ ಮಾತ್ರ ಒಂದಿಷ್ಟೂ ತಿದ್ದುಪಡಿಯಾಗದೆ ಮನೆಯಿಂದ ಮನೆಗೆ ಸಾಗುತ್ತಿದೆ. ಬ್ಯಾಂಕಿನಲ್ಲಿ ಮೂರು ದಶಕ ದುಡಿದು ನಿವೃತ್ತರಾದವರೂ ಅದನ್ನು ಗಂಭೀರವಾಗಿ ಒಪ್ಪಿಸುವುದು ಸೋಜಿಗದ ಸಂಗತಿ.

ವಿನಿಮಯ ದರವೆಂದರೆ ಒಂದು ದೇಶದ ಹಣ ಇನ್ನೊಂದು ದೇಶದ ಹಣಕ್ಕೆ ಮಾರಾಟವಾಗುವ ಬೆಲೆ. ಗಡಿ ದಾಟುವ ಸರಕು, ಬಂಡವಾಳ ಮತ್ತು ಸಾಲಗಳ ವ್ಯವಹಾರ ಅದನ್ನು ನಿರ್ಧರಿಸುತ್ತದೆಯೇ ಹೊರತು ಗಡಿ ದಾಟಲಾರದ ಮನೆಬಾಡಿಗೆ, ಕ್ಷೌರ, ಹೋಟೆಲಿನ ಊಟಗಳಿಗೆ ಅದರಲ್ಲಿ ನೇರ ಪಾತ್ರವಿಲ್ಲ. ಇಂಟರ್ನ್‌ನ ಖರ್ಚಿನ ಬಹುಪಾಲು ಇರುವುದಾದರೋ ಈ ಎರಡನೆಯ ಗುಂಪಿನಲ್ಲಿಯೇ. ಒಂದೇ ಬಗೆಯ ವಸ್ತು ಮತ್ತು ಸೇವೆಗಳನ್ನು ಎರಡು ದೇಶಗಳಲ್ಲಿ ಕೊಳ್ಳಲು ಎಷ್ಟೆಷ್ಟು ಹಣ ಬೇಕೆಂಬುದನ್ನು ಹೋಲಿಸುವ ಅಳತೆಗೆ ‘ಕೊಳ್ಳುವ ಶಕ್ತಿಯ ಸಮತೆ’ ಎಂದು ಹೆಸರಿದ್ದು, ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕಾಸೆಲ್ 1918ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮವು 2017ನೆಯ ವರ್ಷಕ್ಕೆ ಕಂಡುಕೊಂಡಂತೆ, ಅಮೆರಿಕದಲ್ಲಿ ಒಂದು ಡಾಲರ್ ಬೀಳುವಷ್ಟು ಸಾಮಗ್ರಿಗೆ ಭಾರತದಲ್ಲಿ ಸರಾಸರಿ 20.65 ರೂಪಾಯಿ ಸಾಕಾಗುತ್ತಿತ್ತು. ಅದೇ ವರ್ಷ ಡಾಲರಿನ ವಿನಿಮಯ ದರ 65.12 ರೂಪಾಯಿ ಇತ್ತು. ಅಲ್ಲಿನ ಸಂಬಳವನ್ನು ವಿನಿಮಯ ದರದಿಂದ ಗುಣಿಸಿದವರು ಅದರ ನಿಜವಾದ ಬಾಳಿಕೆಯನ್ನು ಮೂರು ಪಟ್ಟು ಹಿಗ್ಗಿಸಿ ನೋಡಿದರೆಂದೇ ಇದರ ಅರ್ಥ, ಮತ್ತು ಯೂರೋ ವಿಷಯದಲ್ಲಿಯೂ ನಡೆಯುವುದು ಇಂಥದೇ ಹಿಗ್ಗುವಿಕೆ.

ಈ ಹಿಗ್ಗುವಿಕೆ ಎಲ್ಲ ವಸ್ತುಗಳಲ್ಲಿಯೂ ಸಮನಾಗಿರುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ಮಾತು. ಮ್ಯೂನಿಕ್‌ನ ಅಗ್ಗದ ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಲೀಟರ್ ಹಾಲಿಗೆ ಒಂದು ಯೂರೋ ಆಸುಪಾಸು ಕೊಡಬೇಕಾಗುತ್ತದೆ, ಅಂದರೆ ನಂದಿನಿ ಹಾಲಿನ ಸುಮಾರು ಎರಡು ಪಟ್ಟು. ಕ್ಷೌರಕ್ಕೆ 30 ಯೂರೋ ಕೊಡಬೇಕಾಗಿ ಬಂದರೆ ಅದು ಬೆಂಗಳೂರಿನ ಸಾಧಾರಣ ಅಂಗಡಿಯ 150 ರೂಪಾಯಿಯ ಇಪ್ಪತ್ತು ಪಟ್ಟು. ಬೇಲಾ ಬಲಾಷಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ 1964ರಲ್ಲಿ ಬೇರೆಬೇರೆಯಾಗಿ ವಿವರಿಸಿದ ಹಾಗೆ, ಯಂತ್ರೋದ್ಯಮದಲ್ಲಿ ಕಾರ್ಮಿಕನೊಬ್ಬನ ಉತ್ಪಾದನೆ ಹೆಚ್ಚಿ ಅವನ ಸಂಬಳ ಏರಿದ ದೇಶದಲ್ಲಿ, ಉತ್ಪಾದನೆ ಏರಿಸಲು ಆಸ್ಪದವೇ ಇಲ್ಲದ ಕ್ಷೌರಿಕನ ಸಂಬಳವೂ ಏರಲೇಬೇಕು, ಇಲ್ಲವಾದರೆ ಅವನು ಕತ್ತರಿ ಬಿಟ್ಟು ಕಾರ್ಖಾನೆ ಸೇರುತ್ತಾನೆ. ಆದಕಾರಣ ಮನುಷ್ಯನ ಶ್ರಮ ಹೆಚ್ಚು ಬೆರೆತ ಸೇವೆಯೇ ಶ್ರೀಮಂತ ದೇಶದಲ್ಲಿ ಹೆಚ್ಚು ದುಬಾರಿ. ಬೆಂಗಳೂರಿನಲ್ಲಿ ಕೆಲಸದವರು, ಇಸ್ತ್ರಿಯವರು, ದರ್ಶಿನಿಗಳ ಆಸರೆಯಲ್ಲಿ ಬೆಳೆದ ಇಂಟರ್ನ್‌ಗೆ ತಾನು ಇಷ್ಟು ದಿನ ಅಗ್ಗವಾಗಿ ಪಡೆಯುತ್ತಿದ್ದುದು ಬೇರೆಯವರ ಶ್ರಮವನ್ನು ಎಂಬುದು ಅಲ್ಲಿನ ಒಗೆತ, ಅಡುಗೆ, ಪಾತ್ರೆಗಳ ನಡುವೆ ಅರಿವಾಗುತ್ತದೆ.

ಮೇಲಿನ 1,200 ಯೂರೋಗಳಿಗೆ ಮರಳಿದರೆ, ಹಲವರು ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ ಮ್ಯೂನಿಕ್‌ನಲ್ಲಿ ಏಳೆಂಟುನೂರು ಯೂರೋ ಬಾಡಿಗೆ ಸಾಮಾನ್ಯ. ಅದು ‘ಕಾಲ್ಟ್‌ಮೀಟ’, ಅಂದರೆ ಬರಿಯ ಜಾಗದ ಬಾಡಿಗೆಯೋ ಅಥವಾ ನೀರು, ಕಸ, ಚಳಿಗಾಲದ ಶಾಖದ ವೆಚ್ಚಗಳನ್ನೂ ಸೇರಿಸಿದ ‘ವಾರ್ಮ್‌ಮೀಟ’ವೋ ಎಂಬುದರ ಮೇಲೆ ತಿಂಗಳ ಕೊನೆಯ ಉಳಿತಾಯದ ಗತಿ ನಿಂತಿದೆ. ವಿದ್ಯಾರ್ಥಿ ವೀಸಾ ಬಯಸುವವರು ಜೀವನ ನಿರ್ವಹಣೆಗಾಗಿ ವರ್ಷಕ್ಕೆ 11,904 ಯೂರೋ, ಎಂದರೆ ತಿಂಗಳಿಗೆ 992 ಯೂರೋ ತೋರಿಸಬೇಕೆಂದು ಜರ್ಮನ್ ಸರ್ಕಾರ 2024ರ ಸೆಪ್ಟೆಂಬರ್‌ನಿಂದ ವಿಧಿಸಿದ್ದು, ಗುಣಾಕಾರಪ್ರಿಯರ ಭಾಷೆಯಲ್ಲಿ ಹೇಳುವುದಾದರೆ ಅದು ತಿಂಗಳಿಗೆ ಲಕ್ಷ ರೂಪಾಯಿಯನ್ನು ಬರಿಯ ಬದುಕುಳಿಯುವ ಮಟ್ಟವೆಂದು ಪರಿಗಣಿಸುತ್ತದೆ. ಕಾನೂನೇ ಎಲ್ಲರಿಗೂ ಒಳ್ಳೆಯ ಸಂಬಳ ಕೊಡಿಸುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ: 2015ರಲ್ಲಿ ಜಾರಿಗೆ ಬಂದ ಕನಿಷ್ಠ ವೇತನವು 2026ರ ಜನವರಿಯಿಂದ ಗಂಟೆಗೆ 13.90 ಯೂರೋ ಆಗಿದ್ದರೂ, ಪಠ್ಯಕ್ರಮವೇ ಕಡ್ಡಾಯಪಡಿಸಿದ ಇಂಟರ್ನ್‌ಶಿಪ್‌ಗೂ, ವ್ಯಾಸಂಗದ ಜೊತೆಗೆ ಮೂರು ತಿಂಗಳವರೆಗೆ ಸ್ವಂತ ಇಚ್ಛೆಯಿಂದ ಮಾಡುವ ಇಂಟರ್ನ್‌ಶಿಪ್‌ಗೂ ಅದು ಅನ್ವಯಿಸುವುದಿಲ್ಲ.

ಊರಿನಲ್ಲಿ ಆದಾಯವನ್ನು ಗುಣಿಸಿ ಹಿಗ್ಗಿದ ಅದೇ ವ್ಯಕ್ತಿ ಮ್ಯೂನಿಕ್‌ಗೆ ಬಂದಿಳಿದ ಮೇಲೆ ಖರ್ಚನ್ನು ಗುಣಿಸಿ ಕುಗ್ಗುವುದು ಈ ಕಲ್ಪನೆಯ ಇನ್ನೊಂದು ಮುಖ. ಎಂಟು ಯೂರೋದ ಡೋನರ್ ರೊಟ್ಟಿ ಎಂಟುನೂರು ರೂಪಾಯಿಯಾಗಿ, ಬಸ್ಸಿನ ಚೀಟಿ ನಾನೂರು ರೂಪಾಯಿಯಾಗಿ ಕಂಡು, ಚಳಿಗೆ ತಕ್ಕ ಕೋಟನ್ನೂ ಕೊಳ್ಳದೆ ಅನ್ನ ಮತ್ತು ಉಪ್ಪಿನಕಾಯಿಯಲ್ಲಿ ವಾರಗಳನ್ನು ತಳ್ಳುವವರಿದ್ದಾರೆ. ಎರಡೂ ಕಡೆ ದಾರಿ ತಪ್ಪಿಸುತ್ತಿರುವುದು ಒಂದೇ ನೂರು. ಒಂದು ವಸ್ತುವಿಗಾಗಿ ಎಷ್ಟು ಹೊತ್ತು ದುಡಿಯಬೇಕು ಎಂದು ಕೇಳಿಕೊಳ್ಳುವುದು ಇದಕ್ಕಿಂತ ಪ್ರಾಮಾಣಿಕವಾದ ಅಳತೆ: ವಾರಕ್ಕೆ 40 ಗಂಟೆ ದುಡಿದು 1,200 ಯೂರೋ ಪಡೆಯುವವನ ಗಂಟೆಯ ಗಳಿಕೆ ಏಳು ಯೂರೋಗಿಂತ ತುಸು ಕಡಿಮೆ, ಹಾಗಾಗಿ ಆ ರೊಟ್ಟಿ ಅವನಿಗೆ ಒಂದು ಗಂಟೆಗೂ ಮಿಗಿಲಾದ ದುಡಿಮೆ, ಬೆಂಗಳೂರಿನಲ್ಲಿ ಅಷ್ಟೇ ಹೊತ್ತು ದುಡಿದು 25,000 ರೂಪಾಯಿ ಪಡೆಯುವ ಇಂಟರ್ನ್‌ಗೆ 100 ರೂಪಾಯಿಯ ಊಟ ಮುಕ್ಕಾಲು ಗಂಟೆಯ ದುಡಿಮೆಯೂ ಅಲ್ಲ. ಲಕ್ಷಾಧೀಶ್ವರನೆಂದು ಹೆಸರಾದವನು ಊಟದ ಮಟ್ಟಿಗೆ ಊರಿನಲ್ಲಿ ಉಳಿದ ಸಹಪಾಠಿಗಿಂತ ಬಡವನಾಗಿರುವುದು ಹೀಗೆ.

ವಿನಿಮಯ ದರ ನಿಜವಾಗಿ ಲೆಕ್ಕಕ್ಕೆ ಬರುವುದು ರೂಪಾಯಿಯಿಂದ ಆಗುವ ಖರ್ಚಿನಲ್ಲಿ. ವಿಮಾನದ ಟಿಕೆಟ್, ವೀಸಾ ಶುಲ್ಕ, ವಿಮೆ, ಮೊದಲ ತಿಂಗಳ ಬಾಡಿಗೆ ಇವೆಲ್ಲ ತಿಂಗಳ ಕೊನೆಗೆ ಬರುವ ಮೊದಲ ಸ್ಟೈಪೆಂಡ್‌ಗೆ ಮುಂಚೆಯೇ ಕೈಬಿಡುವ ಹಣ, ಮತ್ತು ಅದನ್ನು ಒದಗಿಸುವವರು ಸಾಮಾನ್ಯವಾಗಿ ಊರಿನಲ್ಲಿರುವ ತಂದೆತಾಯಿ. ‘ಕೌಟ್ಸಿಯೋನ್’ ಎಂದು ಕರೆಯುವ ಅಡ್ವಾನ್ಸ್ ಕೂಡ ಇದಕ್ಕೆ ಸೇರುತ್ತದೆಯಾದರೂ, ಅದು ಮೂರು ತಿಂಗಳ ಬರಿಯ ಬಾಡಿಗೆಯನ್ನು ಮೀರಕೂಡದೆಂದೂ ಮೂರು ಕಂತುಗಳಲ್ಲಿ ಕಟ್ಟಬಹುದೆಂದೂ ಜರ್ಮನಿಯ ನಾಗರಿಕ ಸಂಹಿತೆ ಹೇಳುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಮಾಲೀಕರನ್ನು ಕಂಡವರಿಗೆ ಇದು ಔದಾರ್ಯವಾಗಿಯೇ ಕಾಣಬೇಕು.

ಉಳಿದ ಕಲ್ಪನೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಮೆಟ್ರೋ ನಿಲ್ದಾಣದಲ್ಲಿ ಗೇಟುಗಳಿಲ್ಲವೆಂದರೆ ಪ್ರಯಾಣ ಉಚಿತವೆಂದಲ್ಲ. ತಪಾಸಕರ ಕೈಗೆ ಸಿಕ್ಕರೆ 60 ಯೂರೋ ದಂಡ ತೆರಬೇಕು. ಭಾನುವಾರ ಅಂಗಡಿ ಮುಚ್ಚುವುದು ಸೋಮಾರಿತನದಿಂದಲ್ಲ. ಅದು 1919ರ ವೈಮಾರ್ ಸಂವಿಧಾನದಿಂದ 1949ರ ಮೂಲಶಾಸನಕ್ಕೆ ಹಾಗೆಯೇ ಇಳಿದು ಬಂದ ವಿಶ್ರಾಂತಿಯ ರಕ್ಷಣೆ. ಟಿವಿ ಇಲ್ಲದವರು ಪ್ರಸಾರ ಶುಲ್ಕ ಕೊಡಬೇಕಿಲ್ಲವೆಂಬುದು ಸುಳ್ಳು, ತಿಂಗಳಿಗೆ 18.36 ಯೂರೋ ಮನೆಯೊಂದಕ್ಕೆ ಬೀಳುತ್ತದೆ, ಹಂಚಿಕೊಂಡ ಮನೆಯವರು ಅದನ್ನೂ ಹಂಚಿಕೊಳ್ಳಬಹುದು. ನಲ್ಲಿಯ ನೀರು ಕುಡಿಯಲು ಆಗದೆಂಬುದೂ ಸುಳ್ಳು. ಮ್ಯೂನಿಕ್‌ನ ನೀರಿನ ಬಹುಪಾಲು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ ಬರುತ್ತದೆ. ಯಾವ ಕೋಣೆಯಾದರೇನು, ತಲೆಯ ಮೇಲೊಂದು ಸೂರಿದ್ದರೆ ಸಾಕೆಂಬುದು ಮಾತ್ರ ಅಪಾಯಕಾರಿ: ಮೂರು ತಿಂಗಳಿಗಿಂತ ಹೆಚ್ಚು ನಿಲ್ಲುವವರು ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕಾಗಿದ್ದು, ಅದಕ್ಕೆ ಮನೆ ಕೊಟ್ಟವರ ಸಹಿಯುಳ್ಳ ದೃಢೀಕರಣ ಬೇಕು, ನೋಂದಣಿ ತಡವಾದರೆ ತೆರಿಗೆ ಗುರುತಿನ ಸಂಖ್ಯೆಯೂ ತಡವಾಗಿ, ಸಂಬಳದಿಂದ ಹೆಚ್ಚಿನ ದರದಲ್ಲಿ ತೆರಿಗೆ ಮುರಿದುಕೊಳ್ಳುವ ಸಾಧ್ಯತೆಯಿದೆ.

ಇವೆಲ್ಲ ಗುಟ್ಟಿನ ಸಂಗತಿಗಳಲ್ಲ, ಸರ್ಕಾರಿ ಪ್ರಕಟಣೆಗಳಲ್ಲಿ ಬಿಡಿಬಿಡಿಯಾಗಿ ಸಿಗುವಂಥವು. ಆದರೂ ಗುಣಾಕಾರ ಉಳಿದುಕೊಂಡಿರುವುದಕ್ಕೆ ಕಾರಣ, ಅದರಿಂದ ಎಲ್ಲರಿಗೂ ಒಂದಲ್ಲ ಒಂದು ಲಾಭವಿದೆ. ಏಜೆಂಟರಿಗೆ ಅದು ಬಂಡವಾಳ, ಕಾಲೇಜುಗಳಿಗೆ ಜಾಹೀರಾತು, ಹೊರದೇಶದ ಸಂಬಳವನ್ನು ಕೋಟಿಗಳಲ್ಲಿ ಮುದ್ರಿಸುವ ಪತ್ರಿಕೆಗಳಿಗೆ ತಲೆಬರಹ, ಹೆತ್ತವರಿಗೆ ಗೌರವ. ಬಾಡಿಗೆ ಕಳೆದ ಮೇಲೆ ಉಳಿಯುವ ಮೊತ್ತದಿಂದ ಇವರಲ್ಲಿ ಯಾರಿಗೂ ಏನೂ ದಕ್ಕುವುದಿಲ್ಲ. ತರಕಾರಿ ಕೊಳ್ಳುವಾಗ ಎರಡು ರೂಪಾಯಿಗೆ ಚೌಕಾಸಿ ಮಾಡುವ ಸಮಾಜ, ಮಕ್ಕಳ ಭವಿಷ್ಯದ ಲಕ್ಷಗಳನ್ನು ಯಾವ ಚೌಕಾಸಿಯೂ ಇಲ್ಲದೆ ನಂಬುತ್ತದೆ. ಗುಣಿಸಲೇಬೇಕೆಂಬ ಹಂಬಲ ಉಳ್ಳವರಿಗೂ ಒಂದು ಸರಿಯಾದ ಲೆಕ್ಕ ಲಭ್ಯವಿದೆ: ಇಂಟರ್ನ್ ಮರಳುವ ದಿನ ಅವನ ಖಾತೆಯಲ್ಲಿ ಉಳಿದ ಯೂರೋಗಳನ್ನು ನೂರರಿಂದ ಗುಣಿಸಿ, ಹೊರಡುವಾಗ ಮನೆಯವರು ಕೊಟ್ಟ ರೂಪಾಯಿಗಳನ್ನು ಅದರಿಂದ ಕಳೆಯುವುದು. ಆ ಉತ್ತರವನ್ನು ಮದುವೆಮನೆಯಲ್ಲಿ ಹೇಳಿಕೊಳ್ಳುವವರು ಮಾತ್ರ ಕಡಿಮೆ.